ಪುಣ್ಯದ ಪೇಂಟು

ನಮ್ಮ ಕೋಲಾರ ಸೀಮೆಯ ಹಳೆಯ ಗುಡಿಗಳನ್ನು ಕೆಡಿಸಿದವರು ಯಾರು ಎಂದು ಕೇಳಿದರೆ ಎಲ್ಲರ ನಾಲಿಗೆಯ ತುದಿಯಲ್ಲೂ ಎರಡು ಉತ್ತರ ಸಿದ್ಧವಾಗಿರುತ್ತವೆ. ಒಂದು, ಹಿಂದಿನ ಕಾಲದ ದಂಡುಗಳು; ಇನ್ನೊಂದು, ಈಗಿನ ಸರ್ಕಾರ. ಎರಡೂ ಉತ್ತರಗಳಲ್ಲಿ ಒಂದು ಅನುಕೂಲವಿದೆ. ಎರಡರಲ್ಲೂ ನಾವಿಲ್ಲ. ನನ್ನ ಬಳಿ ಇರುವ ಮೂರನೆಯ ಉತ್ತರ ಅಷ್ಟು ಹಿತವಾದುದಲ್ಲ. ನಾನು ಕಣ್ಣಾರೆ ಕಂಡ ಕಾಲದಲ್ಲಿ, ಅಂದರೆ ಹೆಚ್ಚು ಕಡಿಮೆ ಐವತ್ತು ವರ್ಷಗಳಲ್ಲಿ, ಈ ಗುಡಿಗಳ ಕಲ್ಲಿಗೆ ಬಿದ್ದ ಪೆಟ್ಟುಗಳಲ್ಲಿ ದೊಡ್ಡದು ಭಕ್ತಿಯ ಪೆಟ್ಟು. ಆ ಭಕ್ತಿಗೆ ಹಣ ಒದಗಿಸುತ್ತಿರುವವರು ಬಹುಮಟ್ಟಿಗೆ ಹೆಂಗಸರು. ಆದ್ದರಿಂದ ಈ ಮಾತನ್ನು ಹೆಂಗಸರಿಗೇ ಹೇಳಬೇಕೆಂದು ಕೂತಿದ್ದೇನೆ.

ರಶೀದಿ ಪುಸ್ತಕ ಹಿಡಿದು ಬರುವವರನ್ನು ನೀವೂ ಬಲ್ಲಿರಿ. ಬೆಳಿಗ್ಗೆ ಹನ್ನೊಂದರ ಹೊತ್ತು, ಗಂಡಸರು ಕೆಲಸಕ್ಕೆ ಹೋದ ಮೇಲೆ, ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಬರುತ್ತಾರೆ. 'ಅಮ್ಮಾ, ಜೀರ್ಣೋದ್ಧಾರ' ಎನ್ನುತ್ತಾರೆ. ನಾವು ಸೆರಗಿಗೆ ಕೈ ಒರೆಸಿಕೊಂಡು, ಬೇಳೆ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದನ್ನು ತೆಗೆದು ಕೊಡುತ್ತೇವೆ. ಜೀರ್ಣವಾಗಿರುವುದು ಯಾವುದು, ಉದ್ಧಾರ ಮಾಡುವುದು ಹೇಗೆ ಎಂದು ಕೇಳುವುದಿಲ್ಲ. ಒಂದು ಕಟ್ಟು ದಂಟಿನ ಸೊಪ್ಪಿಗೆ ಐದು ನಿಮಿಷ ಚೌಕಾಸಿ ಮಾಡುವವರು ನಾವು. ಆದರೆ ದೇವರ ವಿಷಯದಲ್ಲಿ ಲೆಕ್ಕ ಕೇಳಿದರೆ ಪಾಪ ಬರುತ್ತದೆ ಎಂದು ಯಾರೋ ನಮಗೆ ಕಲಿಸಿಬಿಟ್ಟಿದ್ದಾರೆ. ಹಾಗೆ ಕಲಿಸಿದವರಿಗೆ ಅದರಿಂದ ಲಾಭವೇ ಆಗಿರಬೇಕು.

ಆರು ತಿಂಗಳು ಬಿಟ್ಟು ಆ ಗುಡಿಗೆ ಹೋಗಿ ನೋಡಿ. ಕಂಬಗಳಿಗೆ ಕೆಂಪು, ಹಳದಿ, ನೀಲಿ ಎನಾಮಲ್ ಪೇಂಟು. ದ್ವಾರಪಾಲಕರ ಮೈಗೆ ಸಿಲ್ವರ್ ಪೇಂಟು; ಹಳೆಯ ಟ್ರಂಕಿನ ಹಾಗೆ ಹೊಳೆಯುತ್ತಿರುತ್ತಾರೆ. ನವರಂಗದ ಕಲ್ಲು ಹಾಸಿನ ಮೇಲೆ ಬಚ್ಚಲು ಮನೆಗೆ ಹಾಕುವ ಬಿಳಿ ಟೈಲ್ಸು. ಗೋಡೆಯ ಮೇಲೆ ಗ್ರಾನೈಟಿನ ಚಪ್ಪಡಿ, ಅದರಲ್ಲಿ ದಾನಿಗಳ ಹೆಸರು. ಪೇಂಟು ಬಳಿಯುವ ಮುಂಚೆ ಕಲ್ಲು 'ಕ್ಲೀನ್' ಆಗಬೇಕಲ್ಲ, ಅದಕ್ಕೆಂದು ಮರಳು ಊದುವ ಯಂತ್ರ ತಂದು ಒಂದು ಸುತ್ತು ಹೊಡೆದಿರುತ್ತಾರೆ. ಸಾವಿರ ವರ್ಷದ ಹಿಂದೆ ಯಾರೋ ಒಬ್ಬ ಉಳಿ ಹಿಡಿದು ಮೂಡಿಸಿದ ಕಣ್ಣ ರೆಪ್ಪೆ, ಮೂಗಿನ ನತ್ತು, ಸೊಂಟದ ಡಾಬಿನ ಮಣಿಗಳು ಅರ್ಧ ಗಂಟೆಯಲ್ಲಿ ನುಣ್ಣಗೆ. ಮೂರ್ತಿ ಉಳಿದಿದೆ, ಮುಖ ಇಲ್ಲ.

ಮೊನ್ನೆ ನನ್ನ ಗೆಳತಿಯೊಬ್ಬಳು ಮಗಳು ಅಳಿಯನ ಜೊತೆ ಉಜ್ಬೇಕಿಸ್ತಾನದ ಪ್ರವಾಸ ಮುಗಿಸಿ ಬಂದಳು. ಈಗ ನಮ್ಮ ಕಡೆಯವರು ಕಾಶಿ, ರಾಮೇಶ್ವರ ಮುಗಿಸಿ ತಾಷ್ಕೆಂಟಿನತ್ತಲೂ ಹೊರಟಿದ್ದಾರೆ, ಸಂತೋಷ. ಮೊಬೈಲಿನಲ್ಲಿ ಸಮರಕಂದದ ಚಿತ್ರಗಳನ್ನು ತೋರಿಸುತ್ತಾ, 'ನೋಡೇ, ಎಷ್ಟು ಲಕ್ಷಣವಾಗಿ ಇಟ್ಟುಕೊಂಡಿದ್ದಾರೆ. ನಮ್ಮ ಕೋಲಾರದಲ್ಲಿ ಏನಿದೆ, ಧೂಳು' ಎಂದಳು. ಚಿತ್ರಗಳು ಚೆನ್ನಾಗಿಯೇ ಇದ್ದವು. ರೆಗಿಸ್ತಾನ್ ಎಂಬ ಚೌಕದ ಮೂರು ಬದಿಗೆ ಮೂರು ವಿದ್ಯಾಲಯಗಳು, ನೀಲಿ ಹೆಂಚಿನ ಗೋಡೆಗಳು. ಉಲುಗ್ ಬೇಗ್ ಕಟ್ಟಿಸಿದ್ದು 1417ರಿಂದ 1420ರ ನಡುವೆ. ಉಳಿದ ಎರಡು ಹದಿನೇಳನೆಯ ಶತಮಾನದವು. ಅಲ್ಲಿಯೇ ಬೀಬಿ ಖಾನುಂ ಮಸೀದಿ. ತೈಮೂರ 1398ರಲ್ಲಿ ದೆಹಲಿಯನ್ನು ಸೂರೆ ಮಾಡಿ ಹಿಂದಿರುಗುವಾಗ ಕೊಳ್ಳೆಯ ಜೊತೆಗೆ ಆನೆಗಳನ್ನೂ ಕಲ್ಲುಕುಟಿಗರನ್ನೂ ಒಯ್ದನಲ್ಲ, ಆ ಆನೆಗಳು ಕಲ್ಲು ಎಳೆದದ್ದು ಈ ಮಸೀದಿಗೆ. ಹೆಸರು ಮಾತ್ರ ಅವನ ಹೆಂಡತಿಯದು.

ಆದರೆ ಗೆಳತಿಗೆ ಗೈಡು ಹೇಳದಿದ್ದ ಸಂಗತಿಯೊಂದಿದೆ. ಆ ಮಸೀದಿ ಕಾಲಕ್ರಮದಲ್ಲಿ ಪಾಳು ಬಿದ್ದಿತ್ತು. 1897ರ ಭೂಕಂಪದಲ್ಲಿ ಮತ್ತಷ್ಟು ಕುಸಿಯಿತು. ಈಗ ಆಕಾಶಕ್ಕೆ ಎದ್ದು ನಿಂತಿರುವುದರಲ್ಲಿ ಬಹುಪಾಲು 1970ರ ದಶಕದಿಂದ ಈಚೆಗೆ ಕಟ್ಟಿದ್ದು. ಅವಳು ಫೋಟೋ ತೆಗೆದುಕೊಂಡ ನೀಲಿ ಗುಮ್ಮಟಕ್ಕೆ ಅವಳಿಗಿಂತ ವಯಸ್ಸು ಕಡಿಮೆ. ಅಲ್ಲಿಂದ ಅಷ್ಟೇನೂ ದೂರವಲ್ಲದ ಶಹ್ರಿಸಬ್ಜ್ ಎಂಬ ಊರು ತೈಮೂರನ ಹುಟ್ಟೂರಿನ ಸೀಮೆ. ಯುನೆಸ್ಕೊದವರು ಅದನ್ನು 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಸೇರಿಸಿದ ಮೇಲೆ ಅಂದ ಹೆಚ್ಚಿಸುವ ಆಸೆ ಹುಟ್ಟಿತು. ಊರ ನಡುವಿನ ಹಳೆಯ ಕೇರಿಗಳನ್ನು, ಮಣ್ಣಿನ ಮನೆಗಳನ್ನು ಕೆಡವಿ, ಜನರನ್ನು ಎಬ್ಬಿಸಿ, ಉದ್ಯಾನ ಮಾಡಿದರು. 2016ರಲ್ಲಿ ಅದೇ ಯುನೆಸ್ಕೊ ಆ ಊರನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬರೆಯಿತು. ಯುದ್ಧದಿಂದಲ್ಲ, ನೆರೆಯಿಂದಲ್ಲ; ಚೆಂದ ಮಾಡಲು ಹೋಗಿ ಬಂದ ಅಪಾಯ. 'ಎಷ್ಟು ಲಕ್ಷಣವಾಗಿದೆ' ಎನ್ನುವ ಮಾತನ್ನು ನಾನು ಅನುಮಾನದಿಂದ ನೋಡುವುದು ಇದಕ್ಕೇ. ಹಳೆಯದು ಫಳಫಳ ಹೊಳೆಯುತ್ತಿದ್ದರೆ ಅದು ಹಳೆಯದೇ ಹೌದೆ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಇನ್ನು 'ಕೋಲಾರದಲ್ಲಿ ಏನಿದೆ' ಎಂಬ ಮಾತು. ತೈಮೂರ ಹುಟ್ಟುವುದಕ್ಕೆ ಸುಮಾರು ಸಾವಿರ ವರ್ಷ ಮೊದಲೇ ಈ ಊರು ಗಂಗರ ರಾಜಧಾನಿಯಾಗಿತ್ತು. ಆಗ ಅದರ ಹೆಸರು ಕುವಳಾಲ. ಗಂಗರು ತಲಕಾಡಿಗೆ ಹೋದರು, ನೂರಾರು ವರ್ಷ ಅಲ್ಲಿಂದ ಆಳಿದರು; ಆದರೂ ಬಿರುದು ಹೇಳಿಕೊಳ್ಳುವಾಗ ಕುವಳಾಲಪುರವರೇಶ್ವರ ಎಂದೇ ಹೇಳಿಕೊಂಡರು. ಮದುವೆಯಾಗಿ ಐವತ್ತು ವರ್ಷವಾದರೂ ತವರಿನ ಹೆಸರು ಹೇಳುವಾಗ ನಮ್ಮ ದನಿ ಬದಲಾಗುತ್ತದಲ್ಲ, ಹಾಗೆ. ಚಿನ್ನದ ಗಣಿ ಎಂದರೆ ಕೋಲಾರ ಎಂದು ಓದಿ ಬೆಳೆದವರು ನಾವು. ಆ ಗಣಿ 2001ರಲ್ಲಿ ಮುಚ್ಚಿತು. ಗಣಿ ಇಲ್ಲದ ಕೋಲಾರಕ್ಕೆ ಉಳಿದಿರುವುದು ಹಾಲು, ಟೊಮೆಟೊ, ಶ್ರೀನಿವಾಸಪುರದ ಮಾವು, ಮತ್ತು ಈ ಕಲ್ಲುಗಳು. ಮೊದಲ ಮೂರಕ್ಕೆ ದಿನದ ರೇಟು ಗೊತ್ತಿದೆ. ಕಲ್ಲಿಗೆ ಮಾತ್ರ ನಾವು ಕಟ್ಟಿರುವ ಬೆಲೆ ಒಂದು ಡಬ್ಬ ಪೇಂಟಿನಷ್ಟು.

ಕೋಲಾರಮ್ಮನ ಗುಡಿಗೆ ಹೋಗದ ಹೆಂಗಸು ನಮ್ಮ ಊರಿನಲ್ಲಿಲ್ಲ. ಹೋದವರಲ್ಲಿ ಎಷ್ಟು ಮಂದಿ ಅಲ್ಲಿ ಕಣ್ಣು ಬಿಟ್ಟು ನೋಡಿದ್ದೇವೆ? ಗೋಡೆಯ ಮೇಲೆ ತಮಿಳು ಶಾಸನಗಳಿವೆ. 1004ರ ಹೊತ್ತಿಗೆ ಗಂಗರ ರಾಜ್ಯ ಚೋಳರ ಕೈ ಸೇರಿತು. ಮುಂದೆ ರಾಜೇಂದ್ರ ಚೋಳನ ಕಾಲದಲ್ಲಿ, ಇಟ್ಟಿಗೆಯದಾಗಿದ್ದ ಭಾಗಗಳನ್ನು ಕಲ್ಲಿನಲ್ಲಿ ಕಟ್ಟಿಸಿದರು. ನಮ್ಮ ಅಮ್ಮನನ್ನು ಅವರು ಕರೆದದ್ದು ಪಿಡಾರಿ ಎಂದು. ಒಳಗೆ ಸಪ್ತಮಾತೃಕೆಯರು, ಆಳೆತ್ತರ ಮೀರಿದ ದೊಡ್ಡ ಮೂರ್ತಿಗಳು. ಕಲ್ಲಿನವೆಂದು ತಿಳಿದು ಕೈ ಮುಗಿಯುತ್ತೇವೆ, ಅವು ಗಾರೆಯವು. ಪಕ್ಕದಲ್ಲಿ ಚೇಳಮ್ಮ. ಅವಳ ಮುಂದೆ ನೆಲದೊಳಕ್ಕೆ ಇಳಿದ ಕಲ್ಲಿನ ಹುಂಡಿ. ಅದಕ್ಕೆ ಒಂದು ಕಾಸು ಹಾಕಿದರೆ ಮನೆಯವರಿಗೆ ಚೇಳು ಕಚ್ಚುವುದಿಲ್ಲವೆಂದು ನಮ್ಮ ಅಜ್ಜಿಯರು, ಅವರ ಅಜ್ಜಿಯರು ಹಾಕುತ್ತಲೇ ಬಂದರು. ಆ ಹುಂಡಿಯನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು, ಎಷ್ಟು ತಲೆಮಾರಿನ ಹೆಂಗಸರ ಕೈ ಆ ಕಲ್ಲಿನ ಬಾಯಿಯನ್ನು ಸವರಿ ಹೋಗಿದೆ ಎಂದು. ಕೊಟ್ಟವರು ಅವರು. ಲೆಕ್ಕ ಬರೆದವರು ಬೇರೆ.

ಗಾರೆ ಎಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಹಿರಿಯರ ಗಾರೆ ಎಂದರೆ ಸಿಮೆಂಟಲ್ಲ. ಸುಟ್ಟ ಸುಣ್ಣವನ್ನು ನೀರಿನಲ್ಲಿ ವಾರಗಟ್ಟಲೆ ಕೊಳೆಸಿ, ಮರಳು ಸೇರಿಸಿ, ಬೆಲ್ಲದ ನೀರು, ಅಳಲೆಕಾಯಿಯ ರಸ ಹಾಕಿ ಅರೆದು ಹದ ಮಾಡುತ್ತಿದ್ದರು. ದೋಸೆ ಹಿಟ್ಟಿನ ಹದ ಗೊತ್ತಿರುವವರಿಗೆ ಆ ಹದವೂ ಅರ್ಥವಾಗುತ್ತದೆ. ಅದೂ ರುಬ್ಬುವ, ಕಾಯುವ, ಬೆರಳಲ್ಲಿ ಮುಟ್ಟಿ ನೋಡುವ ವಿದ್ಯೆ. ಇಂಥ ಗಾರೆ ಉಸಿರಾಡುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಕಲ್ಲೂ ಅಷ್ಟೆ. ನೆಲದಿಂದ ಮೇಲೇರಿದ ತೇವ ಕಲ್ಲಿನ ಮೈಯಿಂದ ಆವಿಯಾಗಿ ಹೊರಗೆ ಹೋಗಬೇಕು. ಅದರ ಮೇಲೆ ಎನಾಮಲ್ ಬಳಿದರೆ ಮೈಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ. ತೇವ ಒಳಗೇ ಉಳಿಯುತ್ತದೆ. ತೇವದ ಜೊತೆ ಬಂದ ಉಪ್ಪು ಪೇಂಟಿನ ಹಿಂದೆ ಹರಳುಗಟ್ಟುತ್ತದೆ, ಹರಳು ಹಿಗ್ಗುತ್ತದೆ, ಕಲ್ಲಿನ ಮೇಲ್ಪದರ ಹಪ್ಪಳದ ಹಾಗೆ ಎದ್ದು ಬರುತ್ತದೆ. ಆಗ ಸಮಿತಿಯವರು 'ಪೇಂಟು ಉದುರುತ್ತಿದೆ, ಇನ್ನೊಂದು ಕೋಟು ಬೇಕು' ಎಂದು ಮತ್ತೆ ರಶೀದಿ ಪುಸ್ತಕ ತೆಗೆಯುತ್ತಾರೆ. ಉದುರುತ್ತಿರುವುದು ಪೇಂಟಲ್ಲ, ಅದಕ್ಕೆ ಅಂಟಿಕೊಂಡ ಕಲ್ಲು. ಹಳೆಯ ಸುಣ್ಣದ ಗಾರೆಯ ಬಿರುಕಿಗೆ ಸಿಮೆಂಟು ಮೆತ್ತುವುದೂ ಇದೇ ಕತೆ. ಸಿಮೆಂಟು ಗಡುಸು, ಸುಣ್ಣ ಮೆದು. ಬಿಸಿಲಿಗೆ ಎರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಗಡುಸಾದದ್ದು ಉಳಿಯುತ್ತದೆ, ಮೆದುವಾದದ್ದು ಒಡೆಯುತ್ತದೆ. (ಸಂಸಾರದಲ್ಲೂ ಹಾಗೇ ಎಂದು ನನ್ನ ತಂಗಿ ಹೇಳಿದಳು. ಅದು ಬೇರೆ ಪ್ರಬಂಧದ ವಿಷಯ.)

ಈ ಮಾತು ಆಡಿದಾಗಲೆಲ್ಲ ನನಗೆ ಬರುವ ಮೊದಲ ಎದುರು ಮಾತು, 'ಅಮ್ಮಾ, ಇದು ಮ್ಯೂಸಿಯಂ ಅಲ್ಲ, ದೇವಸ್ಥಾನ. ದೇವರಿಗೆ ಅಲಂಕಾರ ಬೇಡವೆ?' ಬೇಕು. ಯಾರು ಬೇಡವೆಂದರು? ಆದರೆ ಅಲಂಕಾರವೆಂದರೆ ಏನು ಎಂಬುದನ್ನು ಹೆಂಗಸರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹೂವು, ಗಂಧ, ರೇಷ್ಮೆ ಸೀರೆ, ಬೆಣ್ಣೆ, ಬೆಳ್ಳಿಯ ಕವಚ. ಬೆಳಿಗ್ಗೆ ತೊಡಿಸಿದ್ದು ರಾತ್ರಿಗೆ ಕಳಚಿಡಲು ಬರಬೇಕು, ಅದು ಅಲಂಕಾರ. ಕಳಚಿಡಲು ಬಾರದ್ದು ಹಚ್ಚೆ. ಒಪ್ಪಿಗೆ ಕೇಳದೆ ಇನ್ನೊಬ್ಬರ ಮೈಮೇಲೆ ಹಚ್ಚೆ ಹಾಕುವುದನ್ನು ಯಾವ ಶಾಸ್ತ್ರವೂ ಭಕ್ತಿ ಎಂದು ಕರೆಯುವುದಿಲ್ಲ.

ಎರಡನೆಯ ಎದುರು ಮಾತು ಸ್ವಲ್ಪ ಗಟ್ಟಿಯಾದದ್ದು. ಹಳೆಯ ಗುಡಿಗಳಲ್ಲೂ ಬಣ್ಣವಿತ್ತಲ್ಲ ಎನ್ನುತ್ತಾರೆ. ಇತ್ತು. ನಮ್ಮ ಗಡಿಯಾಚೆಯ ಲೇಪಾಕ್ಷಿಯ ಮಂಟಪದಲ್ಲಿ ತಲೆಯೆತ್ತಿ ನೋಡಿ, ಹದಿನಾರನೆಯ ಶತಮಾನದ ಚಿತ್ರಗಳಲ್ಲಿ ಹೆಂಗಸರು ಉಟ್ಟ ಸೀರೆಯ ಅಂಚು ಇವತ್ತಿಗೂ ಎಣಿಸಬಹುದು. ಅದು ಮಣ್ಣಿನ, ಖನಿಜದ ಬಣ್ಣ. ಸುಣ್ಣದ ತೆಳು ಲೇಪದ ಮೇಲೆ, ಕೈ ಪಳಗಿದ ಚಿತ್ರಕಾರರು ಬರೆದದ್ದು. ಅದನ್ನು ತೋರಿಸಿ ಟಿನ್ನಿನ ಪೇಂಟಿಗೆ ಸಮರ್ಥನೆ ಕೇಳುವುದು, ಅಜ್ಜಿ ಕುಂಕುಮ ಇಡುತ್ತಿದ್ದಳು ಎಂದು ಹಣೆಗೆ ರೆಡ್ ಆಕ್ಸೈಡ್ ಬಳಿದುಕೊಂಡ ಹಾಗೆ.

ಮೂರನೆಯದು, 'ರಾಜರು ಹಳೆಯದನ್ನು ಕೆಡವಿ ಹೊಸದು ಕಟ್ಟಿಸಲಿಲ್ಲವೆ, ನಾವು ಮಾಡಿದರೆ ತಪ್ಪೆ' ಎಂಬುದು. ಕಟ್ಟಿಸಿದರು, ಕೋಲಾರಮ್ಮನ ಗುಡಿಯೇ ಸಾಕ್ಷಿ. ಆದರೆ ಹೇಗೆ ಕಟ್ಟಿಸಿದರು ಎಂಬುದಕ್ಕೆ ಒಬ್ಬ ಹೆಂಗಸಿನ ಉದಾಹರಣೆ ಕೊಡುತ್ತೇನೆ. ಹತ್ತನೆಯ ಶತಮಾನದ ಚೋಳ ರಾಣಿ ಸೆಂಬಿಯನ್ ಮಾದೇವಿ. ಗಂಡರಾದಿತ್ಯನ ಹೆಂಡತಿ, ಉತ್ತಮ ಚೋಳನ ತಾಯಿ. ವಿಧವೆಯಾದ ಮೇಲೆ ದಶಕಗಳ ಕಾಲ ಕಾವೇರಿ ಬಯಲಿನ ಒಂದೊಂದೇ ಇಟ್ಟಿಗೆ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸುತ್ತಾ ಹೋದಳು. ತಿರುಕ್ಕೋಡಿಕಾವಲ್ ಎಂಬ ಊರಿನ ಗುಡಿಯನ್ನು ಹೊಸದಾಗಿ ಕಟ್ಟಿಸುವಾಗ, ಹಳೆಯ ಕಲ್ಲುಗಳ ಮೇಲಿದ್ದ ಶಾಸನಗಳನ್ನೆಲ್ಲ ಹೊಸ ಗೋಡೆಯ ಮೇಲೆ ಮತ್ತೆ ಕೆತ್ತಿಸಿದಳು. ತನಗಿಂತ ಹಿಂದೆ ಯಾರೋ ಕೊಟ್ಟ ದೀಪದ ದತ್ತಿ, ಜಮೀನಿನ ದತ್ತಿ, ಯಾವುದೂ ಅಳಿಯಬಾರದು ಎಂದು. ಇದು ಜೀರ್ಣೋದ್ಧಾರ. ನಮ್ಮವರು ಮಾಡುವುದು ಇದರ ತಿರುಗು ಮುರುಗು: ತಮ್ಮ ಹೆಸರನ್ನು ಗ್ರಾನೈಟಿನಲ್ಲಿ ಬರೆಸುವುದು, ಹಿಂದಿನವರ ಹೆಸರಿನ ಮೇಲೆ ಪೇಂಟು ಬಳಿಯುವುದು.

ಇದನ್ನು ನಾನು ಗಾಳಿಯಲ್ಲಿ ಹೇಳುತ್ತಿಲ್ಲ. ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವಿನ ಒಂದು ಹಳ್ಳಿ ನನ್ನ ತಾಯಿಯ ತವರು. ಹೆಸರು ಬೇಡ. ಅಲ್ಲಿ ಸಣ್ಣದೊಂದು ಈಶ್ವರನ ಗುಡಿ, ಬಾಗಿಲ ಬಲಕ್ಕೆ ಮೊಳಕಾಲೆತ್ತರದ ಕಲ್ಲು, ಅದರ ತುಂಬ ಹಳೆಗನ್ನಡದ ಅಕ್ಷರ. ಓದಲು ಯಾರಿಗೂ ಬರುತ್ತಿರಲಿಲ್ಲ. ಆದರೆ ಅಕ್ಷರವಿರುವ ಕಲ್ಲಿಗೆ ಕಾಲು ತಾಗಿಸಬಾರದು ಎಂದು ನನ್ನ ಅಜ್ಜಿ, ಅಕ್ಷರ ಬಾರದ ಅಜ್ಜಿ, ಅದಕ್ಕೂ ಒಂದು ಬೊಟ್ಟು ಅರಿಶಿನ ಇಟ್ಟು ಒಳಗೆ ಹೋಗುತ್ತಿದ್ದಳು. ಮಾವಿನ ಫಸಲು ಚೆನ್ನಾಗಿ ಬಂದ ಒಂದು ವರ್ಷ ಊರಿನವರು ಹುರುಪಿನಿಂದ ಸಮಿತಿ ಮಾಡಿದರು. ಹೆಂಗಸರ ಉಳಿತಾಯದ ಸಂಘದಿಂದಲೂ ದುಡ್ಡು ಹೋಯಿತು. ಮುಂದಿನ ಸಲ ನಾನು ಹೋದಾಗ ಮೆಟ್ಟಿಲಿನ ಸುತ್ತ ಟೈಲ್ಸು ಬಂದಿತ್ತು. ಕಲ್ಲು ಎಲ್ಲಿ ಎಂದೆ. 'ಲೆವೆಲ್‌ಗೆ ಅಡ್ಡ ಬರುತ್ತಿತ್ತು, ಅಡಿಯಲ್ಲೇ ಇದೆ, ಎಲ್ಲೂ ಹೋಗಿಲ್ಲ' ಎಂದರು. ಸಂಘದ ಹೆಂಗಸರನ್ನು ಕೇಳಿದೆ, ಟೈಲ್ಸು ಹಾಕುತ್ತಾರೆಂದು ನಿಮಗೆ ಹೇಳಿದ್ದರೆ? ಒಬ್ಬಾಕೆ ತೆಲುಗಿನಲ್ಲಿ, 'ಮಮ್ಮಲ್ನಿ ಎವರು ಅಡುಗುತಾರಮ್ಮಾ' ಎಂದಳು. ನಮ್ಮನ್ನು ಯಾರು ಕೇಳುತ್ತಾರೆ ತಾಯಿ. ಪಕ್ಕದ ಗ್ರಾನೈಟಿನಲ್ಲಿ ದಾನಿಗಳ ಪಟ್ಟಿ ನೋಡಿದೆ. ಗಂಡಸರ ಹೆಸರು ಉದ್ದಕ್ಕೆ, ಅಪ್ಪನ ಹೆಸರು, ಮನೆತನದ ಹೆಸರು ಸಮೇತ. ಹೆಂಗಸರು 'ಮತ್ತು ಧರ್ಮಪತ್ನಿ'.

ಇಲ್ಲಿಂದ ಆವನಿ ದೂರವಿಲ್ಲ. ಸೀತಮ್ಮ ಲವಕುಶರನ್ನು ಹೆತ್ತ ಜಾಗವೆಂದು ನಾವು ನಂಬುವ ಬೆಟ್ಟ, ಮೇಲೆ ಸೀತೆಯ ಗುಡಿ, ಮಕ್ಕಳ ಫಲ ಬೇಡಿಕೊಂಡು ಬರುವ ಹೆಂಗಸರು. ಕೆಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ನೊಳಂಬರ ಕಾಲದ ಗುಡಿಗಳ ಸಾಲು. ನೊಳಂಬರಲ್ಲಿ ದೀವಬ್ಬರಸಿ ಎಂಬ ರಾಣಿ ಇದ್ದಳು, ಹತ್ತನೆಯ ಶತಮಾನದವಳು. ಆವನಿಯಲ್ಲಿ ನೊಳಂಬ ನಾರಾಯಣೇಶ್ವರ ಎಂಬ ಗುಡಿ ಕಟ್ಟಿಸಿದವಳು ಅವಳೆಂದು ಶಾಸನ ಹೇಳುತ್ತದೆ. ನಂದಿಯ ಭೋಗನಂದೀಶ್ವರ, 2007ರಲ್ಲಿ ಜಿಲ್ಲೆ ಒಡೆಯುವವರೆಗೆ ಅದೂ ನಮ್ಮದೇ, ಅದರ ಆರಂಭದ ಜೊತೆಗೂ ಬಾಣರ ರಾಣಿ ರತ್ನಾವಳಿಯ ಹೆಸರಿದೆ. ಯಾವ ಹೆಂಗಸನ್ನೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ ಎಂದು ನಾವು ತಿಳಿದಿರುವ ಆ ಕಾಲದಲ್ಲಿ ಕಲ್ಲಿನ ಮೇಲೆ ಅವರ ಸ್ವಂತ ಹೆಸರಿದೆ. ಸಾವಿರ ವರ್ಷದ ಮೇಲೆ, ಪದವಿ ಓದಿದ, ಸಂಬಳ ತರುವ, ಮತ ಹಾಕುವ ನಾವು ಗ್ರಾನೈಟಿನ ಮೇಲೆ ಧರ್ಮಪತ್ನಿ. ನಾನು ರಾಣಿಯರನ್ನು ಹೊಗಳಲು ಹೊರಟಿಲ್ಲ. ಅವರ ದುಡ್ಡು ಯಾರ ಬೆವರಿನದೋ. ನನಗೆ ಬೇಕಾದದ್ದು ಇಷ್ಟೇ: ಆ ಹೆಸರು ಓದಲು ಸಿಗಬೇಕು.

ಹೇಗೆ ಸಿಕ್ಕಿತು ಈ ಹೆಸರು? ಬಿ.ಎಲ್. ರೈಸ್ ಎಂಬ ಅಧಿಕಾರಿ ಮತ್ತು ಅವರ ಕೈಕೆಳಗಿನ ನಮ್ಮ ಪಂಡಿತರು ಊರೂರು ಅಲೆದು, ಕಲ್ಲು ತೊಳೆದು, ಕಾಗದ ಒತ್ತಿ ಅಚ್ಚು ತೆಗೆದು, ಓದಿ, 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಎತ್ತಿನ ಗಾಡಿಯ ಕಾಲ. ಆವನಿಯಲ್ಲಿ ತ್ರಿಭುವನಕರ್ತ ಎಂಬ ತಪಸ್ವಿ ನಲವತ್ತು ವರ್ಷ ಸ್ಥಾನವನ್ನು ಆಳಿ ಐವತ್ತು ಗುಡಿ, ಎರಡು ದೊಡ್ಡ ಕೆರೆ ಕಟ್ಟಿಸಿದ ಎಂದು ನಮಗೆ ಗೊತ್ತಾದದ್ದು ಹಾಗೆ. ಅವರ ಕಣ್ಣಿಗೆ ಬೀಳದ ಕಲ್ಲುಗಳು ಇನ್ನೂ ಇವೆ. ಟೈಲ್ಸಿನ ಕೆಳಗೆ, ಸಿಲ್ವರ್ ಪೇಂಟಿನ ಕೆಳಗೆ, ಮರಳಿನ ಗಾಳಿಗೆ ಸಿಕ್ಕಿ ನುಣ್ಣಗಾಗಿ. ಪುಸ್ತಕ ಸುಟ್ಟರೆ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಕಲ್ಲಿನದು ಒಂದೇ ಪ್ರತಿ.

ಸರ್ಕಾರವಿಲ್ಲವೆ, ಕಾನೂನಿಲ್ಲವೆ ಎನ್ನುವಿರಿ. ಇದೆ. ಕೋಲಾರಮ್ಮ, ಕೋಟೆಯ ಸೋಮೇಶ್ವರ, ಆವನಿಯ ಗುಡಿಗಳು, ಕುರುಡುಮಲೆಯ ಸೋಮೇಶ್ವರ, ಇವೆಲ್ಲ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯಿದೆ, 2010ರ ತಿದ್ದುಪಡಿಯ ಪ್ರಕಾರ ಸುತ್ತ ನೂರು ಮೀಟರಿನಲ್ಲಿ ಹೊಸ ಕಟ್ಟಡವೇ ಕೂಡದು, ಅದರಾಚೆಯ ಇನ್ನೂರು ಮೀಟರಿಗೆ ಅನುಮತಿ ಬೇಕು. ಆ ನೂರು ಮೀಟರಿನೊಳಗೆ ಮನೆ ಇರುವವರ ಕಷ್ಟ ನನಗೆ ಗೊತ್ತು. ಸೋರುವ ಸೂರು ಸರಿ ಮಾಡಿಸಲೂ ಅರ್ಜಿ ಹಿಡಿದು ಅಲೆಯಬೇಕು. ಶಹ್ರಿಸಬ್ಜ್‌ನಲ್ಲಿ ಮಾಡಿದಂತೆ ಜನರನ್ನು ಎಬ್ಬಿಸಿ ಗುಡಿಯ ಸುತ್ತ ಹುಲ್ಲುಹಾಸು ಮಾಡಿ ಎಂದು ನಾನು ಖಂಡಿತ ಹೇಳಲಾರೆ. ಹೂವಿನವಳು, ಬಳೆಯವನು, ಕಾಯಿ ಒಡೆಯುವ ಸದ್ದು ಇಲ್ಲದ ಕೋಲಾರಮ್ಮನ ಬೀದಿ ಯಾರಿಗೆ ಬೇಕು? ಆದರೆ ಕಾನೂನಿನ ಕಣ್ಣು ಬಿದ್ದಿರುವುದು ಕೈಬೆರಳೆಣಿಕೆಯ ಸ್ಮಾರಕಗಳ ಮೇಲೆ. ಊರೂರಿನ ನೂರಾರು ಸಣ್ಣ ಗುಡಿಗಳು, ವೀರಗಲ್ಲುಗಳು, ಮಾಸ್ತಿಗಲ್ಲುಗಳು, ಪಟ್ಟಿಯಲ್ಲಿ ಸೇರದ ಮಸೀದಿ ದರ್ಗಾಗಳು, ಇವಕ್ಕೆ ಕಾವಲುಗಾರನಿಲ್ಲ, ನೀಲಿ ಬೋರ್ಡಿಲ್ಲ. ಅವುಗಳ ಹಣೆಬರಹ ಬರೆಯುವುದು ಸಮಿತಿ. ಸಮಿತಿಯ ಹಣೆಬರಹ ಬರೆಯುವುದು ನಮ್ಮ ಬೇಳೆ ಡಬ್ಬಿ.

ಕುರುಡುಮಲೆಗೆ ಹೋದವರಿಗೆ ಒಂದು ಮಾತು. ಎಲ್ಲರೂ ಹದಿಮೂರು ಅಡಿಗೂ ಮೀರಿದ ಗಣಪನನ್ನು ನೋಡಿ, ಪ್ರಸಾದ ತಿಂದು, ಬಸ್ಸು ಹತ್ತುತ್ತಾರೆ. ಹತ್ತು ಹೆಜ್ಜೆ ಹೆಚ್ಚು ನಡೆದು ಸೋಮೇಶ್ವರನ ಗುಡಿಯನ್ನೂ ನೋಡಿ. ಒಂದು ಪಾರ್ಶ್ವವನ್ನು ಜಕಣಾಚಾರಿ, ಇನ್ನೊಂದನ್ನು ಮಗ ಡಂಕಣ ಕೆತ್ತಿದರೆಂಬ ಕತೆ ಅಲ್ಲಿ ಹೇಳುತ್ತಾರೆ. ಕತೆ ಕತೆಯೇ. ಆದರೆ ಬರಿಯ ಕಲ್ಲು, ಬಣ್ಣವಿಲ್ಲದ ಕಲ್ಲು, ಸಂಜೆಯ ಬಿಸಿಲಿನಲ್ಲಿ ಹೇಗೆ ಕಾಣುತ್ತದೆ ಎಂದು ಒಂದು ಸಲ ಕಂಡವರಿಗೆ ಸಿಲ್ವರ್ ಪೇಂಟಿನ ದ್ವಾರಪಾಲಕರನ್ನು ಕಂಡರೆ ಹೊಟ್ಟೆ ತೊಳಸುತ್ತದೆ. ಕೋಲಾರದ ಸೋಮೇಶ್ವರನ ಕಲ್ಯಾಣ ಮಂಟಪದ ಕಂಬಗಳನ್ನು ನೋಡಲು ನಾನು ಈಗಲೂ ಮಧ್ಯಾಹ್ನ ನಾಲ್ಕರ ಮೇಲೆ ಹೋಗುತ್ತೇನೆ. ನೆರಳು ಓರೆಯಾದಾಗ ಕೆತ್ತನೆ ಎದ್ದು ಬರುತ್ತದೆ. ಆ ಶಿಲ್ಪಿ ಬಿಸಿಲನ್ನೇ ಬಣ್ಣವಾಗಿ ಎಣಿಸಿ ಕೆತ್ತಿದ್ದಾನೆ. ಅದರ ಮೇಲೆ ನಾವು ಕೆಂಪು ನೀಲಿ ಬಳಿದರೆ ಅವನ ಲೆಕ್ಕವೆಲ್ಲ ತಪ್ಪಿಹೋಗುತ್ತದೆ.

ಹಾಗಾದರೆ ಹಣ ಕೊಡಲೇಬಾರದೆ? ಕೊಡಿ. ಗುಡಿಗೆ ನಿಜವಾಗಿ ಬೇಕಾದ ಕೆಲಸಗಳು ಬೇಕಾದಷ್ಟಿವೆ, ಯಾವುದಕ್ಕೂ ಗ್ರಾನೈಟಿನಲ್ಲಿ ಹೆಸರು ಬರುವುದಿಲ್ಲ. ಶಿಖರದ ಸಂದಿನಲ್ಲಿ ಅರಳಿಯ ಸಸಿ ಹುಟ್ಟಿರುತ್ತದೆ. ಕೈಬೆರಳಷ್ಟಿದ್ದಾಗ ಬೇರು ಸಮೇತ ತೆಗೆಸಿದರೆ ಒಂದು ದಿನದ ಕೂಲಿ, ಹತ್ತು ವರ್ಷ ಬಿಟ್ಟರೆ ಶಿಖರವೇ ಎರಡು ಹೋಳು. ಮೇಲ್ಛಾವಣಿ ಸೋರುತ್ತಿದ್ದರೆ ಸುಣ್ಣದ ಗಾರೆ ಹಾಕಿಸಿ. ಅಭಿಷೇಕದ ನೀರು ಪಾಯದಲ್ಲಿ ನಿಲ್ಲದೆ ಹೊರಗೆ ಹರಿಯಲು ಚರಂಡಿ ಬಿಡಿಸಿ. ಗೋಡೆಗೆ ಬಣ್ಣವೇ ಬೇಕೆಂದು ಹಟವಿದ್ದರೆ, ಹಿಂದೆ ಸುಣ್ಣ ಬಳಿಯುತ್ತಿದ್ದ ಗಾರೆಯ ಗೋಡೆಗೆ ಸುಣ್ಣವನ್ನೇ ಬಳಿಸಿ, ಕೆತ್ತನೆಯನ್ನು ಮುಟ್ಟಬೇಡಿ. ಕಲ್ಲು ಒಡೆದಿದ್ದರೆ ಪೇಂಟ್ ಕಂಟ್ರಾಕ್ಟರನ್ನು ಕರೆಯುವ ಬದಲು ಶಿಲ್ಪಿಯನ್ನು ಕರೆಯಿರಿ. ಶಿಲ್ಪಿಯನ್ನು ಹುಡುಕಿಕೊಂಡು ಮಹಾಬಲಿಪುರಕ್ಕೆ ಹೋಗಬೇಕಾಗಿಲ್ಲ. ನಮ್ಮ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆಮಾರುಗಳಿಂದ ಮೂರ್ತಿ ಕೆತ್ತುವ ಮನೆಗಳಿವೆ. ಬೀದಿಗೆ ಕಾಲಿಟ್ಟರೆ ಉಳಿಯ ಸದ್ದು ಕೇಳುತ್ತದೆ. ಅವರು ಕೆತ್ತಿದ ದೇವರುಗಳು ಎಲ್ಲೆಲ್ಲಿಗೋ ಹೋಗುತ್ತವೆ, ಅದೇ ಜಿಲ್ಲೆಯ ಹಳೆಯ ಕಂಬ ಬಿರುಕು ಬಿಟ್ಟರೆ ಅವರನ್ನು ಕೇಳುವವರಿಲ್ಲ. ಟೇಕಲ್ಲಿನ ಕ್ವಾರಿಗಳ ಕಡೆ ಕಲ್ಲಿನ ನರ ಯಾವುದು ಎಂದು ಸುತ್ತಿಗೆಯ ಸದ್ದಿನಲ್ಲೇ ಹೇಳುವ ಕೈಗಳು ಇನ್ನೂ ಇವೆ. ಆ ಕೈಗಳಿಗೆ ಕೆಲಸ ಕೊಟ್ಟ ಹಾಗೂ ಆಯಿತು.

ಇನ್ನೊಂದು ಸಂಗತಿ ಬಹಳ ಹೆಂಗಸರಿಗೆ ಗೊತ್ತಿಲ್ಲ, ಗೊತ್ತಾಗದಿರಲಿ ಎಂದು ಕೆಲವರು ಬಯಸುತ್ತಾರೆ. ಮುಜರಾಯಿ ಇಲಾಖೆಗೆ ಸೇರಿದ ದೇವಸ್ಥಾನಗಳಿಗೆ 1997ರ ಕರ್ನಾಟಕದ ಧಾರ್ಮಿಕ ಸಂಸ್ಥೆಗಳ ಕಾಯಿದೆ ಇದೆ, ಜಾರಿಗೆ ಬಂದದ್ದು 2003ರಲ್ಲಿ. ಅದರ ಪ್ರಕಾರ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯಲ್ಲಿ ಇಬ್ಬರು ಹೆಂಗಸರು ಇರಲೇಬೇಕು. ಇರುತ್ತಾರೆ ಕೂಡ. ಒಂದು ದೇವಸ್ಥಾನದ ಸಮಿತಿಯ ಇಬ್ಬರನ್ನು ನಾನು ಬಲ್ಲೆ. ಸಭೆಯ ದಿನ ಅವರಿಗೆ ವಹಿಸುವ ಕೆಲಸ ಕಾಫಿ ಮತ್ತು ಕೇಸರಿಬಾತು. ಪುಸ್ತಕ ಮನೆಗೇ ಬರುತ್ತದೆ, ಬೆರಳು ತೋರಿಸಿದ ಕಡೆ ರುಜು ಹಾಕುತ್ತಾರೆ. ಪೇಂಟಿನ ಬಿಲ್ಲಿಗೂ ರುಜು, ಮರಳು ಊದುವ ಯಂತ್ರದ ಬಾಡಿಗೆಗೂ ರುಜು. ನೀವು ಯಾವುದಾದರೂ ಸಮಿತಿಯಲ್ಲಿದ್ದರೆ, ಅಥವಾ ನಿಮ್ಮ ಓರಗಿತ್ತಿ ಇದ್ದರೆ, ಮುಂದಿನ ಸಭೆಗೆ ಕೇಸರಿಬಾತನ್ನು ಹೋಟೆಲಿನಿಂದ ತರಿಸಲಿ. ನೀವು ಪುಸ್ತಕದ ಮುಂದೆ ಕೂತು ಓದಿ.

ಶ್ರಾವಣ ಬಂದರೆ ರಶೀದಿ ಪುಸ್ತಕವೂ ಬರುತ್ತದೆ. ಒಳಗೆ ಕೂರಿಸಿ, ನೀರು ಕೊಡಿ. ಯಾವ ಗುಡಿ, ಯಾವ ಕಂಬ, ಯಾವ ಪೇಂಟು ಎಂದು ಕೇಳಿ. ಕಲ್ಲಿನ ಮೇಲೆ ಅಕ್ಷರವಿದೆಯೆ, ಅದರ ಫೋಟೋ ತೆಗೆದಿಟ್ಟಿದ್ದೀರಾ ಎಂದು ಕೇಳಿ. ಪೇಂಟಿಗಾದರೆ ಕೊಡುವುದಿಲ್ಲ, ಅರಳಿ ಸಸಿ ತೆಗೆಸಲು ಇಷ್ಟು ಕೊಡುತ್ತೇನೆ, ಕೆಲಸ ಆದ ಮೇಲೆ ಬಂದು ನೋಡುತ್ತೇನೆ ಎನ್ನಿ. ರಶೀದಿಯನ್ನು ನಿಮ್ಮ ಹೆಸರಿಗೇ ಬರೆಸಿಕೊಳ್ಳಿ. ಅವರು ಹೊರಗೆ ಹೋಗಿ 'ಈಯಮ್ಮ ನಾಸ್ತಿಕಳು' ಎಂದು ಪಕ್ಕದ ಮನೆಯಲ್ಲಿ ಹೇಳಬಹುದು. ನನ್ನ ಬಗ್ಗೆ ಹೇಳಿದ್ದಾರೆ. ಪಕ್ಕದ ಮನೆಯವಳು ನನ್ನನ್ನು ಕರೆದು, ಅರಳಿ ಸಸಿಯ ವಿಷಯ ಏನು, ನಾನೂ ಅಷ್ಟಕ್ಕೇ ಕೊಡುತ್ತೇನೆ ಎಂದಳು.